ತಂಗಡಿ ಹೂವಿನ ಸತ್ವ

ಕೊಳವೆಯೊಳಗಿನ ದ್ರಾವಣ ಈ ಬೆಳಿಗ್ಗೆಯೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗೋಪೀನಾಥ ಸ್ಪಿರಿಟ್ ದೀಪ ಆರಿಸಿ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆಳಕಿಗೆ ಹಿಡಿದರೆ ಬಣ್ಣ ಬದಲಾಗುವುದಿಲ್ಲವೆಂದು ಹೊಸಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನಿಗೆ ಗೊತ್ತಿರಬೇಕಿತ್ತು. ಆದರೂ ಹಿಡಿದ.

ನೀಲಿ ದ್ರಾವಣಕ್ಕೆ ಮೂತ್ರದ ಕೆಲವು ಹನಿ ಬೆರೆಸಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಅನುಮಾನ, ಕೆಂಪಾದರೆ ಕಾಯಿಲೆ ಜೋರಾಗಿದೆ ಎಂದರ್ಥ. ಅವನ ತಾಯಿ ಗಂಗಾಬಾಯಿಯನ್ನು ಆಸ್ಪತ್ರೆಯಲ್ಲಿ ಮೊದಲ ಸಲ ಪರೀಕ್ಷಿಸಿದಾಗ ಕಡು ಕೆಂಪು ಬಂದಿತ್ತು. ಮಗ ತನ್ನ ಮದ್ದು ಶುರುಮಾಡಿ, ಮನೆಯಲ್ಲೇ ಪರೀಕ್ಷೆ ಇಟ್ಟುಕೊಂಡ ಮೇಲೆ ಹೋದ ತಿಂಗಳ ತನಕ ಬರೀ ನೀಲಿ. ಆ ನೀಲಿಯನ್ನು ನಂಬಿ ಅವನು ಡಾಕ್ಟರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಿದ್ದ. ಅದನ್ನೇ ನಂಬಿ ಬೆಂಗಳೂರಿನ ಸಂಶೋಧಕರೊಬ್ಬರು ಇವತ್ತು ಮಧ್ಯಾಹ್ನದ ರೈಲಿಗೆ ಬರುವವರಿದ್ದರು.

ಸಂಡೂರು ಗುಡ್ಡದ ತಂಗಡಿ ಹೂವನ್ನು, ಅಂದರೆ ಆವರಿಕೆಯನ್ನು, ನೆರಳಲ್ಲಿ ಒಣಗಿಸಿ, ಸ್ಪಿರಿಟ್‌ನಲ್ಲಿ ನೆನೆಹಾಕಿ, ಸೋಸಿ, ಸ್ಪಿರಿಟ್ ಪೂರಾ ಹಾರಿಹೋಗುವ ತನಕ ಬಿಸಿನೀರಿನ ಮೇಲಿಟ್ಟರೆ ತಳದಲ್ಲಿ ಅಂಟಂಟಾದ ಸತ್ವ ಉಳಿಯುತ್ತದೆ. ಸುತ್ತಲ ಹಳ್ಳಿಯವರು ಹೂವನ್ನು ನೀರಲ್ಲಿ ಕುದಿಸಿ ಕುಡಿದು ಸುಮ್ಮನಾಗುತ್ತಾರೆ. ಗೋಪೀನಾಥನಿಗೆ ಅಷ್ಟು ಸಾಲದು. ಹೂವಿನೊಳಗೆ ಕೆಲಸ ಮಾಡುವುದು ಯಾವುದೋ ಅದನ್ನೇ ಬೇರೆ ಮಾಡಿ, ಹೆಸರಿಟ್ಟು, ಜಗತ್ತಿಗೆ ಕೊಡಬೇಕು. ಯಾರ ಹೆಸರು ಇಡಬೇಕೆಂಬುದನ್ನೂ ಅವನು ಆಗಲೇ ಯೋಚಿಸಿಟ್ಟಿದ್ದ ಎನ್ನಿ.

ಶಿಸ್ತಿನಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಒಂದು ದಿನವೂ ಪರೀಕ್ಷೆ ತಪ್ಪಲಿಲ್ಲ. ತಾಯಿ ಮೊದಲ ಬಸ್ಸಿಗೆ ಬುಕ್ಕಸಾಗರದ ತಮ್ಮನ ಮನೆಗೆ ಹೊರಟ ದಿನವೂ, ಅವನು ಏಳುವ ಹೊತ್ತಿಗೆ ಸೀಸೆ ಬಚ್ಚಲ ಕಟ್ಟೆಯ ಮೇಲೆ ಸಿದ್ಧವಿತ್ತು. ಮಡಿ ಉಟ್ಟ ಮೇಲೆ ತಾಯಿ ಅದನ್ನು ಮುಟ್ಟುವಂತಿಲ್ಲವಲ್ಲ, ಅಲ್ಲಿಂದ ಎತ್ತಿ ತರುವ ಕೆಲಸ ಹೆಂಡತಿ ವಿಜಯಲಕ್ಷ್ಮಿಯದು.

ಹೂ ತರುವವನು ಕೊಟ್ರಯ್ಯ. ಮಲಪನಗುಡಿಯವನು, ಗೋಪೀನಾಥನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕಾಲುವೆ ನೀರಿನ ಗದ್ದೆ, ಕಬ್ಬು, ಹೊಸ ಮೋಟಾರ್‌ಸೈಕಲ್ಲು, ಯಾವುದಕ್ಕೂ ಕಡಿಮೆಯಿಲ್ಲ. ಗೆಳೆಯನ ತಾಯಿಗೆಂದೇ ಗುಡ್ಡ ಹತ್ತುತ್ತಿದ್ದ. ಆದರೆ ಹೋದ ತಿಂಗಳು ಅವನ ಮನೆ ಮುಂದೆ ಯಾವುದೋ ಔಷಧ ಕಂಪನಿಯ ಜೀಪು ನಿಂತಿದ್ದನ್ನು ಗೋಪೀನಾಥ ಕಣ್ಣಾರೆ ಕಂಡಿದ್ದ. ಕೊಳವೆಯಲ್ಲಿ ಮೊದಲ ಸಲ ಹಸಿರು ಕಂಡದ್ದೂ ಅದೇ ವಾರ. ಈಗ ಕೆಂಪು.

ಕೊಟ್ರಯ್ಯ ಎಂದಿನಂತೆ ಹೂವಿನ ಚೀಲ ಹೊತ್ತು ಒಳಗೆ ಬಂದ. ಗೋಪೀನಾಥ ಕೂರು ಎನ್ನಲಿಲ್ಲ.

“ತಗಚೆ ಹೂವ ಬೆರೆಸಿ ತಂದಿಯೇನಲೇ?”

“ಏನಂದಿ?”

“ಅದೂ ಹಳದಿ, ಇದೂ ಹಳದಿ. ಖರೇ ಹೂವು ಜೀಪಿನವರಿಗೆ, ಕಸ ನಮಗ.”

ಕೊಟ್ರಯ್ಯ ಚೀಲವನ್ನು ಮೆಲ್ಲಗೆ ಕೆಳಗಿಟ್ಟ. “ಅವರು ಕೇಳಾಕ ಬಂದಿದ್ದು ಖರೆ. ಕೊಡಂಗಿಲ್ಲ ಅಂದು ಕಳಿಸೀನಿ. ನಿಮ್ಮವ್ವ ಕುಡಿಯೋ ಮದ್ದಿನಾಗ ನಾ ಕಸ ಹಾಕ್ತೀನೇನು, ಗೋಪಿ?”

“ಚೀಲ ತಗೊಂಡು ನಡಿ. ಇನ್ಮ್ಯಾಲ ಈ ಹೊಸ್ತಿಲ ತುಳೀಬ್ಯಾಡ.”

ಬೇರೆ ಯಾರಾದರೂ ಮೋಸ ಮಾಡಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಒಂದೇ ಬುತ್ತಿಯಲ್ಲಿ ಉಂಡವನು ಕೈಕೊಟ್ಟನಲ್ಲ. ಇನ್ನು ಆ ಸಂಶೋಧಕರಿಗೆ ಯಾವ ಮುಖ ತೋರಿಸುವುದು? ತಾಯಿಯ ಗತಿ ಏನು?

“ಅವರಿಗೆ ಹಂಗನ್ನಬ್ಯಾಡ್ರಿ,” ಅಡುಗೆಮನೆಯ ಬಾಗಿಲಿಂದ ವಿಜಯಲಕ್ಷ್ಮಿ ಅಂದಳು. ಅಂದವಳು ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಬೆಳಗಿನಿಂದ ಅದು ಎಷ್ಟನೆಯ ತಂಬಿಗೆಯೋ. ಕೈಬಳೆ ಮೊಣಕೈ ತನಕ ಜಾರಿತು. ಅತ್ತೆಯ ಸೇವೆ ಮಾಡಿ ಸೊರಗಿದ್ದಾಳೆ ಎಂದು ಗೋಪೀನಾಥನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಈಗ ಅದಕ್ಕೂ ಪುರುಸೊತ್ತಿರಲಿಲ್ಲ.

“ನೀ ಸುಮ್ಮನಿರು,” ಅಂದ.

ಕೊಟ್ರಯ್ಯನ ಕಣ್ಣು ತುಂಬಿತ್ತು. “ಹೋಗ್ತೀನಿ. ಅದಕ್ಕೂ ಮೊದಲು ಅಮ್ಮಾರನ್ನ ಒಂದ್ ಮಾತು ಕೇಳು. ಸಿಹಿ ಏನರ ತಿಂದ್ರೇನಂತ.”

ಗಂಗಾಬಾಯಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಕಾಲು ಚಾಚಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅಲ್ಲಿನ ಗಾಯ ಮಳೆಗಾಲದಿಂದ ಮಾಯ್ದಿರಲಿಲ್ಲ. ಬರಿಗಾಲಲ್ಲಿ ಓಡಾಡಿದರೆ ಹೀಗೇ ಎಂದು ಮಗ ಬೈದಿದ್ದ. ನೀಲಿ ಬಣ್ಣ ಕಣ್ಣ ಮುಂದಿದ್ದಾಗ ಬೇರೆ ಕಾರಣ ಅವನಿಗೆ ಹೊಳೆದಿರಲಿಲ್ಲ.

“ನಾ ಏನೂ ತಿಂದಿಲ್ಲಪ್ಪ. ನೀ ಕೊಟ್ಟ ಮದ್ದು ಒಂದಿನಾನೂ ಬಿಟ್ಟಿಲ್ಲ,” ಅಂದರು. ಆದರೆ ತಲೆಯೆತ್ತಲಿಲ್ಲ.

ಆ ತಗ್ಗಿದ ತಲೆ ಗೋಪೀನಾಥನ ಎದೆಗೆ ಚುಚ್ಚಿತು. ಗೆಳೆಯ ಆಯಿತು, ಈಗ ಹೆತ್ತ ತಾಯಿಯೂ ಏನನ್ನೋ ಮುಚ್ಚಿಡುತ್ತಿದ್ದಾಳೆ. ಈ ಮನೆಯಲ್ಲಿ ನಂಬಲು ಯಾರಿದ್ದಾರೆ?

ತೊಳೆದ ಸೀಸೆಯೊಂದನ್ನು ತಂದು ತಾಯಿಯ ಮುಂದಿಟ್ಟ.

“ಈಗಿಂದೀಗ ಇನ್ನೊಮ್ಮೆ ಪರೀಕ್ಷೆ ಆಗ್ಲಿ. ಕೊಟ್ರ ಇಲ್ಲೇ ನಿಂತು ನೋಡ್ಲಿ. ಮಡಿ ಆಮ್ಯಾಲ ಉಟ್ಟರಾತು. ಬಚ್ಚಲಿಗೆ ಹೋಗಿ ಬಂದು, ನಿನ್ನ ಕೈಯಿಂದನ ನನ್ನ ಕೈಗೆ ಕೊಡಮ್ಮ. ನಡುವ ಯಾರೂ ಬ್ಯಾಡ.”

ಗಂಗಾಬಾಯಿ ಸೀಸೆ ಮುಟ್ಟಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಅವರನ್ನ ಬಿಡ್ರಿ,” ವಿಜಯಲಕ್ಷ್ಮಿ ಅಂದಳು. “ಗಂಡುಮಗನ ಕೈಗೆ ಅದನ್ನ ಹೆಂಗ ಕೊಡ್ಲಿ ಅಂತ ಅತ್ತಿಯವರು ಮೊದಲನೇ ದಿನಾನ ನನ್ನ ಕೈ ಹಿಡಕೊಂಡು ಅತ್ತಾರ. ಅವತ್ತಿಂದ ಇವತ್ತಿನ ತನಕ ಆ ಸೀಸೆಯೊಳಗ ಇದ್ದದ್ದು ನಂದೇ ರೀ.”