ಏಳನೆಯ ಗೋಪುರ

ಹೊರಗಿನಿಂದ ಬೀಗ ಬಿದ್ದಿತು. ಉರಾನೋ ಬಾಗಿಲನ್ನು ಎಳೆದು ನೋಡಿದ. ಅದು ಅಲುಗಲಿಲ್ಲ.

"ಸೋಮವಾರ ಮಧ್ಯಾಹ್ನದವರೆಗೆ," ಎಂದಿತು ಆಚೆಯಿಂದ ಮುದುಕ ಸೊಗಾನ ಸ್ವರ. "ಗೋಪುರ ಮುಗಿದರೆ ಬಾಗಿಲು ತೆಗೀತೀನಿ. ಅಲ್ಲೀವರೆಗೆ ಸಮುದ್ರ ಇಲ್ಲ, ಸ್ನಾನದ ಕೊಳ ಇಲ್ಲ, ಫೋನೂ ಇಲ್ಲ."

"ಇದು ಸೆರೆಮನೆ."

"ಸೆರೆಮನೇಲಿ ಇಷ್ಟು ಒಳ್ಳೇ ಮೀನು ಬಡಿಸಲ್ಲ."

ಅಟಾಮಿಯ ಆ ಬಿಸಿನೀರಿನ ಸತ್ರದಲ್ಲಿ ಈ ಕೋಣೆಯ ಉಪಯೋಗವೇ ಬೇರೆ. ಬರೆಯದೆ ದಿನ ತಳ್ಳುವ ಕಾದಂಬರಿಕಾರರನ್ನು ಪ್ರಕಾಶಕರು ಇಲ್ಲಿಗೆ ತಂದು ಕೂಡಿಹಾಕುತ್ತಿದ್ದರು. ಕೃತಿ ಮುಗಿದ ಮೇಲೆಯೇ ಬಿಡುಗಡೆ. ಒಳಗಿರುವವರು ಗುರುಗಳು, ಹೊರಗೆ ಕೂತವರು ಕಾವಲಿನವರು: ಒಡತಿ ಯಾಸುಯೋಗೆ ಇದು ಅಜ್ಜಿಯಿಂದ ಬಂದ ಲೆಕ್ಕ. ತಟ್ಟೆ ಇಡುವಾಗ ಅವಳು ಹಣೆ ಚಾಪೆಗೆ ತಾಗುವಂತೆ ಬಾಗಿ, "ಸೆನ್ಸೆಯ್, ಊಟ" ಎನ್ನುತ್ತಿದ್ದಳು. ಗುರುವೆಂಬ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಉರಾನೋ ಮುಖ ತಿರುಗಿಸುತ್ತಿದ್ದ.

ಕಟ್ಟಡಗಳಿಗೆ ಸಾರುವೆ ಕಟ್ಟುವ ತೋಬಿಕಿಚಿ ಎಂಬವನು ಹಲಗೆಯಿಂದ ಹಲಗೆಗೆ ನೆಗೆದು ಗೋಪುರ ಹತ್ತುವ ವಿಡಿಯೋ ಆಟವನ್ನು ಆಡದ ಮಗು ಒಂದು ಕಾಲದಲ್ಲಿ ಇಡೀ ದೇಶದಲ್ಲಿರಲಿಲ್ಲ. ಎರಡು ದಶಕಗಳ ಮೌನದ ನಂತರ ಆ ಆಟ ಹಿಂದಿನ ವರ್ಷ ಮರಳಿ ಬಂತು. ಆರು ಗೋಪುರಗಳು ಸರಿಯಾಗಿದ್ದವು. ಏಳನೆಯದರ ನಡುಮಧ್ಯದಲ್ಲಿ ಮೆಟ್ಟಿಲು ನಿಂತುಹೋಗಿತ್ತು. ಅದರಾಚೆ ಬರೀ ಬಿಳಿ ಆಕಾಶ. ಕಂಪನಿ ಕಾರಣ ಹೇಳಲಿಲ್ಲ. ಅಭಿಮಾನಿಗಳು ಅತ್ತರು, ಬೈದರು, ಕಾಗದ ಬರೆದರು. ಈಗ ಕಂಪನಿ ಆ ಆಟದ ಕೆಲಸವನ್ನೇ ಮುಚ್ಚಲಿತ್ತು. ಸೋಮವಾರ ಮಧ್ಯಾಹ್ನದೊಳಗೆ ನಕ್ಷೆ ಕೈಸೇರಿದರೆ ಗೋಪುರ ಏಳುತ್ತದೆ. ಇಲ್ಲವಾದರೆ ತೋಬಿಕಿಚಿ ಬಿಳಿ ಆಕಾಶದ ಅಂಚಿನಲ್ಲಿ ಎಂದೆಂದಿಗೂ ನಿಂತೇ ಇರುತ್ತಾನೆ.

ಮುಗಿಸುತ್ತೇನೆ ಎಂದು ಫೋನಿನಲ್ಲಿ ಒಪ್ಪಿಕೊಂಡವನು ಉರಾನೋನೇ. ಬೀಗದ ಮಾತು ಆಗ ಬಂದಿರಲಿಲ್ಲ.

ಬೆಳಗ್ಗೆ ಮಿಸೋ ಸಾರಿನ ಜೊತೆಗೆ ಸೊಗಾ ಕಂಪನಿಗೆ ಬಂದ ಕಾಗದಗಳಲ್ಲಿನ ಒಂದು ಬೈಗುಳವನ್ನೂ ಬಡಿಸುತ್ತಿದ್ದ. ಕಾಗದ ನೋಡಬೇಕಿರಲಿಲ್ಲ, ಎಲ್ಲವೂ ಬಾಯಿಪಾಠವಾಗಿತ್ತು. ಬಲಗೈಯನ್ನು ಕಿಮೋನೋದ ತೋಳಿನೊಳಗೆ ಹುದುಗಿಸಿ, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ.

"'ನಡೆಗೆ ತೂಕ ಇಲ್ಲ, ನೆಗೆತಕ್ಕೆ ಭಯ ಇಲ್ಲ. ಇದನ್ನ ಮಾಡಿದವನು ಚಿಕ್ಕವನಿದ್ದಾಗ ಒಂದು ಗೋಡೆನೂ ಹಾರಿಲ್ಲ.' ಹೇಗಿದೆ?"

ಉರಾನೋನ ಕಿವಿಗಳು ಕೆಂಪಾದವು. "ಸಾಕು ಮಾಡಿ."

"ಯಾಕೆ, ಚುಚ್ಚುತ್ತಾ?"

"ಚುಚ್ಚುತ್ತೆ."

"ಒಳ್ಳೇದು. ಪೆನ್ಸಿಲ್ ತಗೊಳ್ಳಿ."

ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆಯೇ ಬರೆಯಬೇಕು, ಒಂದೊಂದು ಚೌಕವೂ ಒಂದು ಮನೆ, ಹಳೆಯ ಕ್ರಮ ಅದೇ ಎಂದು ಮುದುಕನ ಹಟ. ಬರೆದು ಕೊಟ್ಟ ಹಾಳೆಯ ಮೇಲೆ ಅವನ ಎಡಗೈಯ ತೋರುಬೆರಳು ತೋಬಿಕಿಚಿಯಾಗಿ ನೆಗೆಯುತ್ತಿತ್ತು.

"ಇಲ್ಲಿಂದ ಅಲ್ಲಿಗೆ ಐದು ಮನೆ. ನಿಂತಲ್ಲಿಂದ ಮೂರು ಹಾರ್ತಾನೆ, ಓಡಿಬಂದರೆ ನಾಲ್ಕು. ಸತ್ತ."

ಹಾಳೆ ಮುದ್ದೆಯಾಗಿ ಮೂಲೆ ಸೇರಿತು. ಉರಾನೋ ಇನ್ನೊಂದು ಬರೆದ.

"ಇದನ್ನ ನಮ್ಮ ಅತ್ತೇನೂ ಹತ್ತುತ್ತಾಳೆ. ಬೇಜಾರಿಗೇ ಸತ್ತ."

ಭಾನುವಾರ ಸಂಜೆ ಉರಾನೋ ಕಿಟಕಿಯ ಹೊಸ್ತಿಲ ಮೇಲೆ ಹತ್ತಿ ನಿಂತ. ಕೆಳಗೆ ಸ್ನಾನಗೃಹದ ಮಾಡು, ಅದರಾಚೆ ಹೊರಗೋಡೆ, ಗೋಡೆಯಾಚೆ ರೈಲು ನಿಲ್ದಾಣಕ್ಕೆ ಇಳಿಯುವ ದಾರಿ. ಮಾಡಿನವರೆಗೆ ಮೂರು ಮನೆ. ಅಲ್ಲಿಂದ ಗೋಡೆಗೆ ಐದು, ಓಡಿಬರಲು ಜಾಗವಿಲ್ಲ. ತೋಬಿಕಿಚಿಯೂ ಸಾಯುತ್ತಿದ್ದ. ನಡುವೆ ಒಂದೇ ಒಂದು ಹಲಗೆ ಇದ್ದಿದ್ದರೆ! ಉರಾನೋ ತನ್ನ ಕಾಲಡಿಯ ಹಲಗೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಇಳಿದು ಕಿಟಕಿ ಮುಚ್ಚಿ, ಹೊಸ ಹಾಳೆ ಎಳೆದುಕೊಂಡ.

ಮರುದಿನ ಸೊಗಾನ ಬೆರಳು ನಡುಗೋಪುರದಲ್ಲಿ ನಿಂತಿತು. "ಮುಂದಿನ ಹಲಗೆ ಎಲ್ಲಿ?"

"ಅವನ ಕೈಯಲ್ಲಿ. ದಾಟಿ ಬಂದಿದ್ದನ್ನ ಕಿತ್ತು ಮುಂದಕ್ಕೆ ಹಾಸ್ತಾನೆ. ಸಾರುವೆಯವರು ಅದನ್ನೇ ತಾನೆ ಮಾಡೋದು?"

"ವಾಪಸ್ ಬರೋಕೆ?"

"ದಾರಿ ಇಲ್ಲ."

ಬೆರಳು ಮತ್ತೆ ಹೊರಟಿತು. ಒಂದೊಂದೇ ಮನೆ ಏರಿತು. ಬಿಳಿ ಆಕಾಶ ದಾಟಿ, ಶಿಖರ ಮುಟ್ಟಿ ನಿಂತಿತು.

"ಇದು ನನಗೆ ಹೊಳೀಲಿಲ್ಲ," ಎಂದ ಮುದುಕ.

ಸತ್ರದ ಫ್ಯಾಕ್ಸಿನಿಂದ ನಕ್ಷೆ ಟೋಕಿಯೋ ಸೇರಿತು. ಮಧ್ಯಾಹ್ನಕ್ಕೆ ಮೊದಲೇ ಕಂಪನಿಯ ಒಪ್ಪಿಗೆ ಬಂತು. ಬೀಗ ತೆಗೆದು ಯಾಸುಯೋ ಬಾಗಿದಳು.

"ಬಿಡುಗಡೆ ಆಯ್ತು, ಸೆನ್ಸೆಯ್. ಕಾವಲಿನ ಅಜ್ಜನೂ ಒಂದು ಸ್ನಾನ ಮಾಡ್ಕೊಂಡು ಹೋಗಲಿ, ಪಾಪ."

ಉರಾನೋ ಹೊರಗೆ ಬರಲಿಲ್ಲ. ಚೀಲದಿಂದ ತೋಬಿಕಿಚಿಯ ಮೊಟ್ಟಮೊದಲ ಆಟದ ಹಳದಿಗಟ್ಟಿದ ಪೆಟ್ಟಿಗೆಯನ್ನು ತೆಗೆದ. ಅದನ್ನು ಎರಡೂ ಕೈಗಳಲ್ಲಿ ಮುಂದೆ ಹಿಡಿದು, ಸೊಗಾನ ಕಾಲ ಬಳಿ ಚಾಪೆಗೆ ಹಣೆ ಹಚ್ಚಿದ.

"ದಿನಾ ಬೆಳಗ್ಗೆ ನೀವು ಒಪ್ಪಿಸಿದ ಬೈಗುಳ ಎಲ್ಲಾ ನಾನೇ ಬರೆದದ್ದು. ಆದರೂ ಇದರ ಮೇಲೊಂದು ಸಹಿ ಹಾಕಿ ಕೊಡಿ, ಸೆನ್ಸೆಯ್. ಇದನ್ನ ನೀವು ಕಟ್ಟಿದಾಗ ನನಗೆ ಎಂಟು ವರ್ಷ."

ಯಾಸುಯೋ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ಅಷ್ಟು ಸರಿಯಾಗಿ ಬೈಯೋನಿಗೆ ಕಟ್ಟೋಕೂ ಬರುತ್ತೆ ಅಂತಲೇ ಕರೆಸಿದ್ದು," ಎಂದ ಸೊಗಾ. ಪೆನ್ನನ್ನು ಎಡಗೈಗೆ ತೆಗೆದುಕೊಂಡ. ತೋಳಿನಿಂದ ಜಾರಿದ ಬಲಗೈ ಜೀವವಿಲ್ಲದೆ ಮಡಿಲಿಗೆ ಬಿತ್ತು. "ಏಳನೇ ಗೋಪುರದ ಮೆಟ್ಟಿಲು ನಿಂತದ್ದು, ಈ ಕೈ ನಿಂತ ದಿನ."