ಎಣ್ಣೆ ಡಬ್ಬದ ಲೈಟು

ಕೊಬ್ಬರಿ ಎಣ್ಣೆ ಸೀದ ವಾಸನೆ ಬಂದರೆ ಈಗಲೂ ದಂಡಿನಶಿವರದ ನಮ್ಮ ನಡುಮನೆ ಕಣ್ಣ ಮುಂದೆ ಬರುತ್ತದೆ.

ಅಪ್ಪ ತಿಪಟೂರಿನ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ಅಲ್ಲಿಂದ ಕ್ಯಾಮರಾ ಕೇಳಿ ತಂದಿದ್ದ, ಲೈಟು ಕೊಟ್ಟಿರಲಿಲ್ಲ. ಖಾಲಿ ಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ, ಒಳಮೈಯನ್ನು ಬೂದಿಯಲ್ಲಿ ಉಜ್ಜಿ ಹೊಳೆಸಿ, ದೊಡ್ಡ ಬಲ್ಬು ಕೂರಿಸಿದ. ಅದರ ಮುಂದೆ ತನ್ನ ಹಳೆಯ ಪಂಚೆಯನ್ನು ಇಳಿಬಿಟ್ಟ.

"ಪಂಚೆ ಯಾಕಪ್ಪ?" ಅಂದೆ.

"ಬೆಳಕು ಮೆತ್ತಗಾಗುತ್ತೆ ಕಣವ್ವ. ಅಕ್ಕನ ಕೆನ್ನೆ ಗುಳಿಬಿದ್ದಿರೋದು ಕಾಣಲ್ಲ."

ಅಕ್ಕ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದಳು. ಅವ್ವ ಅವಳನ್ನು ಗೋಡೆಗೆ ಒರಗಿಸಿ, ಉದುರಿ ಉಳಿದಿದ್ದ ಕೂದಲನ್ನು ಬಾಚುತ್ತಿದ್ದಳು.

"ಹುಷಾರಾದ್ಮೇಲೆ ಸ್ಟುಡಿಯೋಗೇ ಕರ್ಕಂಡೋಗಿ ತೆಗೆದ್ರಾಯ್ತು ಬುಡು," ಅಂದಳು ಅಜ್ಜಿ.

ಅಪ್ಪ ಸ್ವಿಚ್ಚು ಹಾಕಿದ. ಡಬ್ಬದ ಸಂದಿಯಲ್ಲಿ ಉಳಿದಿದ್ದ ಎಣ್ಣೆ ಕಾದು ಹೊಗೆಯಾಡಿತು. ಅಕ್ಕನ ಮುಖ ತುಂಬಿಕೊಂಡ ಹಾಗೆ ಕಂಡಿತು.

ನನಗೆ ಹೊಟ್ಟೆಕಿಚ್ಚಾಯಿತು. "ನಂದೂ ಒಂದು ತೆಗಿಯಪ್ಪ," ಎಂದು ಅವಳ ಪಕ್ಕ ಕೂರಲು ಹೋದೆ.

ಅಪ್ಪ ಕ್ಯಾಮರಾದಿಂದ ಕಣ್ಣು ತೆಗೆಯದೆ, "ಇತ್ಲಾಗೆ ಬಾ. ನಿಂಗೆ ಇನ್ನೂ ಟೈಮೈತೆ," ಅಂದ.

ಅವ್ವನ ಬಾಚಣಿಗೆ ನಿಂತಿತು. ಅಕ್ಕ ತಲೆಯೆತ್ತಿ ಅಪ್ಪನನ್ನೇ ನೋಡಿದಳು. ಫೋಟೋದಲ್ಲಿ ಬಂದದ್ದು ಆ ನೋಟ.