ರಂಗೂನಿನ ಮುಡಿಪು

ಅರಿಶಿನ ಬಟ್ಟೆಯ ವಾಸನೆ ಬಂದರೆ ಇವತ್ತಿಗೂ ಜಯನಗರದ ಆ ಮಧ್ಯಾಹ್ನ ನೆನಪಾಗುತ್ತದೆ.

ಬರ್ಮಾ ಬಿಟ್ಟು ಬಂದ ಹೆಂಗಸೊಬ್ಬರು ನಮ್ಮ ಹಿತ್ತಲಿನ ಚಿಕ್ಕ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದಿದ್ದರು. ಅಜ್ಜಿ ಅವರನ್ನು ಜಗಲಿಯಲ್ಲೇ ಕೂರಿಸಿ, "ನೀವು ಯಾವ ಕಡೆಯವರಮ್ಮ?" ಎಂದು ಕೇಳಿದರು.

"ಅಲ್ಲಿ ನಮ್ಮನ್ನ ಇಂಡಿಯಾದವ್ರು ಅಂತಿದ್ರು. ಇಲ್ಲಿ ಬರ್ಮಾದವ್ರು ಅಂತಾರೆ."

"ಅದಿರ್ಲಿ, ನಿಮ್ಮ ಮನೆದೇವ್ರು ಯಾವ್ದು?"

ಅವರು ಕಾಸು ಕಟ್ಟಿದ, ಮಾಸಿದ ಹಳದಿ ಗಂಟೊಂದನ್ನು ಸೆರಗಿನಿಂದ ತೆಗೆದರು. "ತಿರುಪತಿ ತಿಮ್ಮಪ್ಪ. ನಮ್ಮತ್ತೆ ರಂಗೂನಲ್ಲಿ ಕಟ್ಟಿದ ಮುಡಿಪು ಇದು. ಬೆಟ್ಟ ಹತ್ತೋಕೆ ಅವ್ರಿಗೆ ಆಗ್ಲೇ ಇಲ್ಲ."

ಅಜ್ಜಿ ಎದ್ದು ಒಳಗೆ ಹೋದರು. ಬೀಗದ ಕೈ ತಂದು ಕೊಟ್ಟು, "ಸಾಮಾನು ಜೋಡಿಸೋ ತನಕ ಅದನ್ನ ನಮ್ಮ ಮುಡಿಪಿನ ಪಕ್ಕ ಇಡಿ" ಎಂದರು.

ಸಂಜೆ ದೀಪ ಹಚ್ಚಲು ಹೋದಾಗ ದೇವರ ಗೂಡಿನಲ್ಲಿ ಎರಡು ಹಳದಿ ಗಂಟುಗಳಿದ್ದವು. ನಮ್ಮದು ಯಾವುದೆಂದು ನನಗೆ ಗುರುತು ಸಿಗಲಿಲ್ಲ.